ಬೆನ್ನ ಹಿಂದೆ ಸ್ಪೀಕರ್, ಆದರೂ ಕೂಗದ ಮೈಕ್

ಪ್ರಶ್ನೆ: 2011ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಕಾರು ಅಪಘಾತದಲ್ಲಿ ತೀರಿಕೊಂಡ ಔಸ್ಲಿ ಸ್ಟ್ಯಾನ್ಲಿ, 1974ರಲ್ಲಿ ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡಕ್ಕೆ ಸ್ಪೀಕರ್‌ಗಳ ಗೋಡೆಯನ್ನೇ ಕಟ್ಟಿದ್ದರಂತೆ. ಅದು ಗಾಯಕರ ಬೆನ್ನ ಹಿಂದಿದ್ದರೂ ಮೈಕ್ ‘ಕುಂಯ್’ ಎನ್ನಲಿಲ್ಲವೇಕೆ?

ಉತ್ತರ: ಕಟ್ಟಿದ್ದು ಅವರೊಬ್ಬರೇ ಅಲ್ಲ, ಡ್ಯಾನ್ ಹೀಲಿ, ರಾನ್ ವಿಕರ್ಶಮ್ ಕೈಯೂ ಇತ್ತು. ಗುಟ್ಟಿರುವುದು ಜೋಡಿ ಮೈಕಿನಲ್ಲಿ. ಗಾಯಕನಿಗೆ ಒಂದೇ ಬಗೆಯ ಎರಡು ಮೈಕ್, ನಡುವೆ ಸುಮಾರು 6 ಸೆಂ.ಮೀ. ಅಂತರ, ಒಂದರ ಫೇಸ್ ತಿರುವುಮುರುವು. ಹಿಂದಿನ ಸದ್ದು ಎರಡಕ್ಕೂ ಹೆಚ್ಚುಕಡಿಮೆ ಸಮನಾಗಿ ತಲುಪಿ ಪರಸ್ಪರ ಅಳಿಸಿಹೋಗುತ್ತದೆ. ಹಾಡುವುದು ಒಂದಕ್ಕೇ, ಹಾಗಾಗಿ ದನಿ ಉಳಿಯುತ್ತದೆ.

ನೀವೂ ಮಾಡಿ ನೋಡಬಹುದು: ಒಂದು ಎಕ್ಸ್‌ಎಲ್‌ಆರ್ ಕೇಬಲಿನ ಒಂದೇ ತುದಿಯಲ್ಲಿ 2 ಮತ್ತು 3ನೇ ಪಿನ್‌ನ ತಂತಿ ಅದಲುಬದಲು ಮಾಡಿ. 1ನೆಯದು ಶೀಲ್ಡ್, ಮುಟ್ಟಬೇಡಿ. ಎರಡೂ ಮೈಕಿನ ಗೇನ್ ಸಮನಿರಲಿ, ಇಲ್ಲದಿದ್ದರೆ ಸದ್ದು ಸೋರಿ ಮತ್ತೆ ಕೂಗು. ತುಟಿ ಮೈಕಿಗೆ ತಾಗುವಷ್ಟು ಹತ್ತಿರ ಬೇಕು. ನಾಲ್ಕು ಬೆರಳು ಹಿಂದೆ ಸರಿದರೆ ದನಿಯೂ ಎರಡಕ್ಕೂ ಹೋಗಿ, ಮೊದಲು ಬೇಸ್ ಕರಗಿ, ತಗಡು ಬಡಿದಂತೆ ಕೇಳುತ್ತದೆ. ಆ ಗೋಡೆಯ ನಿಜವಾದ ಕೊರತೆ ಇದೇ.

ವಾದ್ಯಗಳಿಗೆ ಪ್ರತ್ಯೇಕ ಆಂಪ್ಲಿಫೈಯರ್, ಸ್ಪೀಕರ್ ಇದ್ದುದರಿಂದ ದನಿ ಕಲಸಿಹೋಗುತ್ತಿರಲಿಲ್ಲ. ಸಾಗಾಟದ ಖರ್ಚು ತಾಳದೆ ಅದೇ ಅಕ್ಟೋಬರ್‌ ಬಳಿಕ ಕೈಬಿಟ್ಟರು.