'ಪರಾರಿ' ಎಲ್ಲಿಂದ ಬಂತು? ಪಲಾಯನಕ್ಕೂ ಇದಕ್ಕೂ ನಂಟಿದೆಯಾ?

ನಂಟಿಲ್ಲ. ಎರಡರ ಅರ್ಥವೂ ಓಡಿಹೋಗುವುದೇ, ಆದರೆ ಊರು ಬೇರೆ ಬೇರೆ.

'ಪರಾರಿ'ಯ ಬೇರು ಅರಬಿ ಭಾಷೆಯಲ್ಲಿದೆ. ಅಲ್ಲಿ 'ಫರ್ರ' ಅಂದರೆ ಓಡಿಹೋದ, 'ಫಿರಾರ್' ಅಂದರೆ ಓಡಿಹೋಗುವಿಕೆ. ಪರ್ಷಿಯನ್ನಿಗೆ ಬಂದು 'ಫರಾರ್' ಆಯಿತು. ಕೊನೆಗೊಂದು 'ಈ' ಸೇರಿ 'ಫರಾರಿ', ಅಂದರೆ ಓಡಿಹೋದವನು. ಕನ್ನಡದಲ್ಲಿ ಮೊದಲಿಗೆ 'ಫ಼' ಉಚ್ಚಾರ ಇರಲಿಲ್ಲ. ಫಕೀರ ಪಕೀರನಾದ ಹಾಗೆ ಫರಾರಿಯೂ ಪರಾರಿಯಾಯಿತು. ಜೊತೆಗೆ ಅರ್ಥವೂ ಸ್ವಲ್ಪ ಜಾರಿತು. ಅಲ್ಲಿ ಅದು ಮನುಷ್ಯನನ್ನು ಹೇಳುವ ಪದ. ನಾವು 'ಆಗು' ಸೇರಿಸಿ ಅದನ್ನು ಕ್ರಿಯಾಪದ ಮಾಡಿಕೊಂಡೆವು: 'ಬೈಕ್ ಬಿಟ್ಟು ಪರಾರಿಯಾದ' ಅಂತ ಬೆಂಗಳೂರಿನ ಪೇಪರ್‌ಗಳಲ್ಲಿ ಓದ್ತೀವಲ್ಲ, ಹಾಗೆ. ಪೊಲೀಸ್, ಕೋರ್ಟಿನ ಮಾತಿನಲ್ಲಿ ಇಂಥ ಪದಗಳು ಜಾಸ್ತಿ. ಜಾಮೀನು, ಜಪ್ತಿ ಕೂಡ ಅರಬಿ ಮೂಲದವೇ. ದಸ್ತಗಿರಿ ಪರ್ಷಿಯನ್, 'ದಸ್ತ್' ಅಂದರೆ ಕೈ, ಅಂದರೆ ಕೈ ಹಿಡಿಯುವುದು!

'ಪಲಾಯನ' ಸಂಸ್ಕೃತದ್ದು. 'ಪರಾ' ಎಂಬ ಉಪಸರ್ಗಕ್ಕೆ 'ಹೋಗು' ಎಂಬ ಅರ್ಥದ ಧಾತು ಸೇರಿದೆ. ಅಲ್ಲಿ ರಕಾರ ಲಕಾರವಾಗುತ್ತದೆ. ಇದಕ್ಕೆ ಪಾಣಿನಿಯ ಸೂತ್ರವೇ ಇದೆ. 'ಪರಾ' ನೋಡಿ ಪರಾರಿಯೂ ಅಲ್ಲಿಂದಲೇ ಬಂತು ಅನ್ನಿಸುವುದು ಸಹಜ, ಆದರೆ ಅದು ಬರೀ ಕಾಕತಾಳೀಯ.

ಬಳಕೆಯಲ್ಲೂ ವ್ಯತ್ಯಾಸ ಇದೆ. ಕಳ್ಳ ಪರಾರಿಯಾಗುತ್ತಾನೆ, ಸೋತ ಸೈನ್ಯ ಪಲಾಯನ ಮಾಡುತ್ತದೆ. ಬಿಲ್ ಕೊಡುವ ಹೊತ್ತಿಗೆ ಮಾಯವಾಗುವ ಗೆಳೆಯನಿಗೆ ಎರಡೂ ಭಾರ. ಅವನು ಕಂಬಿ ಕೀಳುತ್ತಾನೆ, ಇಲ್ಲವೇ ಸುಮ್ನೆ 'ಎಸ್ಕೇಪ್' ಆಗುತ್ತಾನೆ.