ಬೀಜಕ್ಕ ಗೊಬ್ಬರ ಬ್ಯಾಡ, ಬೇರಿಗೆ ಗಾಳಿನೂ ಬೇಕು: ಮಣ್ಣಿಲ್ಲದ ತೋಟದ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಾಗ ಮನಿ ಒಳಗ ಮಣ್ಣಿಲ್ದ, ಗೊಬ್ಬರ ಕರಗಿಸಿದ ನೀರಾಗ ಸೊಪ್ಪು ಬೆಳೆಯೋದರ ಬಗ್ಗೆ ಬರದಿದ್ದೆ, ಇದಕ್ಕ ಹೈಡ್ರೋಪೋನಿಕ್ಸ್ ಅಂತಾರ. ಅದಕ್ಕ ಬಂದ ಪ್ರಶ್ನೆಗಳೊಳಗ ಮುಕ್ಕಾಲು ಪಾಲು ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವೇ ಅದಾವ. ಖುಷಿ ಆತು. ಯೂಟ್ಯೂಬ್‌ದಾಗ ನೋಡಿದ್ದೆಲ್ಲಾ ಬೆಂಗಳೂರಿನ ತಂಪು ಹವಾಕ್ಕ ಸರಿ ಇರ್ತದ, ನಮ್ಮ ಬಿಸಿಲಿಗೆ, ನಮ್ಮ ಬೋರ್ ನೀರಿಗೆ ಅದು ಹಂಗೇ ನಡೆಯಂಗಿಲ್ಲ. ಅದಕ್ಕ ಈ ಸಲ ಇಲ್ಲಿ ಹವಾ, ಇಲ್ಲಿ ನೀರು ಮನಸ್ಸಿನ್ಯಾಗ ಇಟ್ಕೊಂಡೇ ಉತ್ತರ ಬರದೀನಿ.

ಪ್ರಶ್ನೆ: ಅಡಿಗಿಮನಿ ಕಟ್ಟಿ ಮ್ಯಾಲ ಇಡೋ ಸಣ್ಣ ಹೈಡ್ರೋಪೋನಿಕ್ಸ್ ಮಷೀನ್ ತಗೊಂಡೀನ್ರಿ. ಏಪ್ರಿಲ್‌ದಾಗ 6 ತೂತಿನ್ಯಾಗ ಲೆಟ್ಯೂಸ್ ಬೀಜ ಹಾಕಿದೆ, 15 ದಿನ ಆದ್ರೂ ಒಂದೂ ಹುಟ್ಟಲಿಲ್ಲ. ಪಕ್ಕದಾಗ ಹಾಕಿದ ಮೆಂತೆ 3 ದಿನಕ್ಕ ಎದ್ದು ನಿಂತದ. ಬೀಜ ಕೆಟ್ಟಿದ್ವೇನು?
– ಗೃಹಿಣಿ, ಸಿಂಧನೂರು

ಉತ್ತರ: ಅಕ್ಕಾರ, ಬೀಜ ಕೆಟ್ಟಿರಂಗಿಲ್ರಿ, ಮಲಗ್ಯಾವ. ಲೆಟ್ಯೂಸ್ ತಂಪು ಹವಾದ ಸೊಪ್ಪು. ಅದರ ಬೀಜಕ್ಕ ಒಂದು ಗುಣ ಅದ, ಸುತ್ತಲಿನ ಬಿಸಿ ಸುಮಾರು 30 ಡಿಗ್ರಿ ದಾಟಿತು ಅಂದ್ರ ನೀರು ಕುಡದು ಉಬ್ಬಿದ್ರೂ ಮೊಳಕೆ ಒಡೆಯಂಗಿಲ್ಲ, ಈಗ ಹುಟ್ಟಿದ್ರ ಸುಟ್ಟು ಹೋಗ್ತೀನಿ ಅಂತ ಗೊತ್ತಿದ್ದಂಗ ಸುಮ್ಮನ ಕುಂದರ್ತದ. ಏಪ್ರಿಲ್‌ದಾಗ ಸಿಂಧನೂರಿನ ಅಡಿಗಿಮನಿ ಅಂದ್ರ ಮಧ್ಯಾಹ್ನ 38 ಡಿಗ್ರಿ ಸಹಜ, ಅದರಾಗ ಮಷೀನಿನ ಲೈಟ್ ಮ್ಯಾಲ, ಪಕ್ಕದಾಗ ಗ್ಯಾಸ್ ಒಲಿ. ಮೆಂತೆ ನಮ್ಮ ಹವಾದ್ದು, ಅದಕ್ಕ ಆ ಚಿಂತಿ ಇಲ್ಲ.

ಉಳಿದ ಬೀಜ ಚೆಲ್ಲಬ್ಯಾಡ್ರಿ. ಒಂದು ಹಸಿ ಟಿಶ್ಯೂ ಪೇಪರಿನ್ಯಾಗ ಹರಡಿ ಡಬ್ಬಿಗೆ ಹಾಕಿ ಫ್ರಿಜ್ಜಿನ ಕೆಳಗಿನ ಖಾನೆಯಾಗ, ಕಾಯಿಪಲ್ಯ ಇಡ್ತೀವಲ್ಲ ಅಲ್ಲಿ, 3 ದಿನ ಇಡ್ರಿ. ಫ್ರೀಜರಿನ್ಯಾಗ ಅಲ್ಲ ಮತ್ತ. ಆಮ್ಯಾಲ ತಗದು ಮನಿಯಾಗ ಎಲ್ಲಕ್ಕಿಂತ ತಂಪು ಇರೋ ಕಡೆ, ನೀರಿನ ಗಡಿಗಿ ಪಕ್ಕದಾಗೋ ಕೂಲರ್ ಇರೋ ಖೋಲಿಯಾಗೋ, ಸ್ವಲ್ಪ ಬೆಳಕು ಬೀಳೋ ಹಂಗ ಇಡ್ರಿ. ಲೆಟ್ಯೂಸ್ ಬೀಜಕ್ಕ ಬೆಳಕು ಕಂಡ್ರೇನೇ ಚಲೋ ಮೊಳಕೆ ಬರೋದು, ಅದಕ್ಕ ಮಷೀನಿನ ತೂತಿನ್ಯಾಗ ಇರೋ ಸ್ಪಂಜಿನ ಆಳದಾಗ ತುರುಕಬಾರದು, ಮ್ಯಾಲ ಮ್ಯಾಲನೇ ಇಡಬೇಕು. ಬಿಳಿ ಬೇರಿನ ತುದಿ ಕಂಡ ಮ್ಯಾಲ ಚಿಮಟಿಗಿಯಿಂದ ಮೆಲ್ಲಕ ಎತ್ತಿ ಸ್ಪಂಜಿನ್ಯಾಗ ಕೂಡಿಸ್ರಿ.

ಇನ್ನೊಂದು ಮಾತು ಎಲ್ಲಾ ಬೀಜಕ್ಕೂ ಸೇರಿ ಹೇಳ್ತೀನಿ. ಸ್ಪಂಜ್ ಒದ್ದಿ ಇರಬೇಕು ಖರೆ, ಆದ್ರ ನೀರಾಗ ಮುಳುಗಿರಬಾರದು. ಬೀಜ ಉಸಿರಾಡ್ತದ್ರಿ, ಮೊಳಕೆ ಒಡೆಯೋ ಹೊತ್ತಿನ್ಯಾಗ ಅದಕ್ಕ ಆಮ್ಲಜನಕ ಬೇಕೇ ಬೇಕು. ಹುಟ್ಟಲಿಲ್ಲ ಅಂತ ಗಾಬರಿ ಆಗಿ ನಾವು ಮತ್ತಷ್ಟು ನೀರು ಹಾಕ್ತೀವಿ, ಗೊಬ್ಬರದ ನೀರೂ ಹಾಕ್ತೀವಿ, ಅಲ್ಲೇ ಬೀಜ ಕೊಳೀತದ. ಬೀಜದಾಗ ಅದರ ಬುತ್ತಿ ಅದು ಕಟ್ಕೊಂಡೇ ಬಂದಿರ್ತದ. ಮೊದಲು ಬರೋ ಎರಡು ಎಲಿ ಬೀಜದೆಲಿ, ಅದಾದ ಮ್ಯಾಲ ಆ ಗಿಡದ್ದೇ ಆಕಾರದ ಖರೇ ಎಲಿ ಬರ್ತದ, ಅಲ್ಲೀತನ ಬರೇ ನೀರು ಸಾಕು. ಆಮ್ಯಾಲೂ ಗೊಬ್ಬರದ ಡಬ್ಬಿ ಮ್ಯಾಲ ಬರದ ಪ್ರಮಾಣದ ಅರ್ಧದಷ್ಟೇ ಹಾಕ್ರಿ.

ನನ್ನ ಕೇಳಿದ್ರ ಬ್ಯಾಸಿಗಿಯಾಗ ಲೆಟ್ಯೂಸ್ ಹಿಂದ ಬೀಳಬ್ಯಾಡ್ರಿ. ನವೆಂಬರಿಂದ ಫೆಬ್ರುವರಿತನ ಅದರ ಕಾಲ. ಬ್ಯಾಸಿಗಿಗೆ ರಾಜಗಿರಿ, ಬಸಳೆ, ಪುಂಡಿಪಲ್ಯ ಹಾಕ್ರಿ, ಇವು ನಮ್ಮ ಬಿಸಿಲಿಗೆ ಅಂಜಂಗಿಲ್ಲ. ಕೊತ್ತಂಬರಿ ಹಾಕೋದಿದ್ರ ಕಾಳು ಹಂಗೇ ಹಾಕದ ಅಂಗೈಯಾಗ ತಿಕ್ಕಿ ಎರಡು ಹೋಳು ಮಾಡಿ ಹಾಕ್ರಿ, ಒಂದು ಕಾಳಿನೊಳಗ ಎರಡು ಬೀಜ ಇರ್ತಾವ.

ಪ್ರಶ್ನೆ: ಸಸಿ ಹುಟ್ಟಿ ನಾಕೇ ದಿನಕ್ಕ ದಾರದಂಗ ಉದ್ದ ಬೆಳದು ಬಿದ್ದು ಬಿಡ್ತಾವ. ರೂಮಿನ ಕಿಡಕಿ ಹತ್ರನೇ ಇಟ್ಟೀನಿ. – ವಿದ್ಯಾರ್ಥಿ, ರಾಯಚೂರು

ಉತ್ತರ: ಬೆಳಕು ಸಾಲ್ತಿಲ್ಲ ತಮ್ಮಾ. ನಮ್ಮ ಕಣ್ಣಿಗೆ ಕಿಡಕಿ ಬೆಳಕು ಭಾಳ ಅನಿಸ್ತದ, ಸಸಿಗೆ ಅದು ಮುಸ್ಸಂಜಿ ಇದ್ದಂಗ, ಬೆಳಕು ಹುಡುಕ್ಕೊಂತ ಉದ್ದ ಆಗ್ತದ. 20 ವ್ಯಾಟಿನ ಬಿಳಿ ಎಲ್‌ಇಡಿ ಪಟ್ಟಿ ಸಾಕು, 6500 ಕೆ ಅಂತ ಬರದಿರ್ತದ ನೋಡು, ಅದನ್ನ ಸಸಿ ತಲಿಯಿಂದ ಒಂದು ಗೇಣಿಗಿಂತ ಸ್ವಲ್ಪ ಕಡಿಮಿ, 15-20 ಸೆಂಟಿಮೀಟರ್ ಎತ್ತರಕ್ಕ ಕಟ್ಟು, ದಿನಾ 14 ತಾಸು ಹಚ್ಚು. ಕೊತ್ತಂಬರಿಗೆ ಮಾತ್ರ 12 ತಾಸು ಸಾಕು, ಬೆಳಕಿನ ಹೊತ್ತು ಜಾಸ್ತಿ ಆದ್ರ ಲಗೂನ ಹೂವಿಗೆ ಹೋಗ್ತದ. ಫ್ಯಾನಿನ ಗಾಳಿ ಮೆಲ್ಲಗ ತಾಕಿದ್ರ ದಂಟು ಗಟ್ಟಿ ಆಗ್ತದ. ಉದ್ದ ಆಗಿ ಬಿದ್ದಿದ್ದು ಮತ್ತ ಏಳಂಗಿಲ್ಲ, ಹೊಸದಾಗಿ ಬೀಜ ಹಾಕು.

ಪ್ರಶ್ನೆ: ಬೀಜದ ತಾಪತ್ರಯನೇ ಬ್ಯಾಡ, ಟೊಂಗಿ ಮುರದು ನೀರಾಗ ಇಟ್ರ ನಡೀತದಂತಲ್ರಿ. ಪುದೀನ ಬಂತು, ತುಳಸಿ ಒಂದು ಬಂತು ಒಂದು ಕೊಳೀತು, ಕರಿಬೇವು ಮೂರು ಸಲ ಇಟ್ಟೆ ಮೂರೂ ಸಲ ಕಪ್ಪಾತು. – ಶಿಕ್ಷಕಿ, ಕುಷ್ಟಗಿ

ಉತ್ತರ: ಟೀಚರ್, ಈ ಪ್ರಶ್ನೆ ನನಗ ಭಾಳ ಪ್ರೀತಿದು. ಸಂತಿಯಿಂದ ತಂದ ಪುದೀನ ಕಟ್ಟಿನ್ಯಾಗ ಒಂದು ಕಡ್ಡಿ ತಗದು ಗ್ಲಾಸಿನ್ಯಾಗ ಇಟ್ಟು, ವಾರಕ್ಕ ಬಿಳಿ ಬೇರು ಬಂದಿದ್ದು ನೋಡಿದಾಗ ಆಗೋ ಸಂತೋಷ ನನಗ ಇವತ್ತಿಗೂ ಕಡಿಮಿ ಆಗಿಲ್ಲ.

ಕಡ್ಡಿ ಆರಿಸೋದ್ರಾಗೇ ಅರ್ಧ ಕೆಲಸ ಅದ. ಮುಂಜಾನಿ ತಂಪೊತ್ತಿನ್ಯಾಗ ಕತ್ತರಿಸ್ರಿ, ಆವಾಗ ಗಿಡದ ಮೈಯಾಗ ನೀರು ತುಂಬಿರ್ತದ. ಹೂವು ಬಂದಿರೋ ಟೊಂಗಿ ಬ್ಯಾಡ, ಕಟ್ಟಿಗಿ ಆಗಿರೋದೂ ಬ್ಯಾಡ, ಹಸಿರು ಇದ್ದು ಬಾಗಿಸಿದ್ರ ಬಾಗಬೇಕು ಅಂಥಾದ್ದು 10-12 ಸೆಂಟಿಮೀಟರ್ ಉದ್ದ. ಎಲಿ ಹುಟ್ಟೋ ಗೆಣ್ಣು ಇರ್ತದಲ್ಲ, ಅದರ ಕೆಳಗ ಸ್ವಲ್ಪೇ ಬಿಟ್ಟು ಹರಿತ ಬ್ಲೇಡಿನಿಂದ ಕೊಯ್ರಿ, ಯಾಕಂದ್ರ ಚಿಗುರಿನ್ಯಾಗ ಹುಟ್ಟೋ ಆಕ್ಸಿನ್ ಅನ್ನೋ ಹಾರ್ಮೋನು ಕೆಳಗಿಳದು ಬಂದು ಕಡ್ಡಿ ತಳದಾಗ ಸೇರ್ತದ, ಅಲ್ಲೇ ಗೆಣ್ಣಿನ ಸುತ್ತ ಬೇರು ಒಡೀತಾವ. ನೀರಾಗ ಮುಳುಗೋ ಎಲಿ ಒಂದೂ ಇಡಬ್ಯಾಡ್ರಿ, ಕೊಳೆಯೋದು ಮೊದಲು ಅದೇ, ಮ್ಯಾಲ ಮೂರು ನಾಕು ಎಲಿ ಸಾಕು. ನಿಮ್ಮ ಎರಡನೇ ತುಳಸಿ ಹೋಗಿದ್ದು ಇದಕ್ಕೇ ಇರಬೇಕು, ಇಲ್ಲಾ ಅದು ಬಲಿತ ಟೊಂಗಿ ಇದ್ದೀತು. ಎರಡು ದಿನಕ್ಕೊಮ್ಮೆ ನೀರು ಬದಲಿ ಮಾಡ್ರಿ, ಬಾಟ್ಲಿಗೆ ಕರಿ ಕಾಗದ ಸುತ್ರಿ, ಬೆಳಕು ಬಿದ್ರ ಪಾಚಿ ಕಟ್ತದ. ಕೂಲರಿನ ನೇರ ಗಾಳಿಗೆ ಮಾತ್ರ ಇಡಬ್ಯಾಡ್ರಿ, ಬೇರಿಲ್ಲದ ಕಡ್ಡಿಗೆ ಎಲಿಯಿಂದ ಹೋದ ನೀರು ತಿರುಗಿ ಎಳ್ಕೊಳ್ಳೋಕ ತಾಕತ್ತಿರಂಗಿಲ್ಲ, ಮ್ಯಾಲ ಒಂದು ಪ್ಲಾಸ್ಟಿಕ್ ಚೀಲ ಸಡಿಲ ಮುಚ್ಚಿದ್ರ ಚಲೋ.

ಪುದೀನ, ಬೇಸಿಲ್ (ತುಳಸಿ ಜಾತಿದೇ ಅಡಿಗಿ ಸೊಪ್ಪು), ಬಸಳೆ, ಟೊಮೆಟೊ ಬಗಲಟೊಂಗಿ, ದೊಡ್ಡಪತ್ರೆ ಇವೆಲ್ಲಾ ವಾರ ಹತ್ತು ದಿನದಾಗ ಬೇರು ಬಿಡ್ತಾವ. ತುಳಸಿಗೆ ಎರಡು ಮೂರು ವಾರ ಕಾಯಬೇಕು. ಬೇರು ಒಂದು ಇಂಚು ಆದ ಮ್ಯಾಲ ಗೊಬ್ಬರದ ನೀರಿಗೆ ಬಿಡ್ರಿ, ಅದೂ ಡಬ್ಬಿ ಮ್ಯಾಲ ಹೇಳಿದ್ದರ ಕಾಲು ಭಾಗದಷ್ಟೇ ಗೊಬ್ಬರ ಹಾಕಿದ ತೆಳು ನೀರು.

ಕರಿಬೇವು ಬಿಟ್ಟುಬಿಡ್ರಿ. ಕಡ್ಡಿಯಿಂದ ಬೇರು ಬರೋದು ಅದರಾಗ ಭಾಳ ಅಪರೂಪ. ಕಪ್ಪಾಗಿ ಹಣ್ಣಾದ ಹೊಸ ಕಾಯಿ ತಂದು ತಿರುಳು ತೊಳದು ಒಂದು ವಾರದೊಳಗ ಊರಿದ್ರ ಹುಟ್ತದ, ಒಣಗಿಸಿ ಇಟ್ರ ಹುಟ್ಟಂಗಿಲ್ಲ. ಇಲ್ಲಾ ದೊಡ್ಡ ಗಿಡದ ಬೇರಿನಿಂದ ಏಳೋ ಮರಿ ಕಿತ್ಕೊಂಡು ಬರ್ರಿ. ಅದಕ್ಕ ಮಣ್ಣೇ ಸರಿ, ಕುಂಡದಾಗ ಹಾಕಿ ಅಂಗಳದಾಗ ಇಡ್ರಿ.

ಪ್ರಶ್ನೆ: ಬೋರ್ ನೀರು ಹಾಕಿ, ಗೊಬ್ಬರದ ಅಂಗಡಿಯಾಗ ಸಿಗೋ 19:19:19 ಕಲಸಿ ಬಿಟ್ಟೀನಿ, ಮೆಣಸಿನ ಹೊಲಕ್ಕ ಡ್ರಿಪ್ಪಿನ್ಯಾಗ ಬಿಡೋದು ಅದೇ ಅಲ್ಲೇನು. ಆದ್ರ ಹೊಸ ಎಲಿ ಹಳದಿ, ನರ ಮಾತ್ರ ಹಸಿರು. – ರೈತ, ಸಿರುಗುಪ್ಪ

ಉತ್ತರ: ಅಣ್ಣಾರ, ಹೊಲದಾಗ ನಡೀತದ, ನೀರಾಗ ನಡೆಯಂಗಿಲ್ಲ, ಯಾಕ ಅಂತ ಹೇಳ್ತೀನಿ. 19:19:19 ಅಂದ್ರ ಸಾರಜನಕ, ರಂಜಕ, ಪೊಟ್ಯಾಷ್ ಒಂದೊಂದೂ ನೂರಕ್ಕ 19 ಪಾಲು ಇರೋ ಗೊಬ್ಬರ. ಅದರಾಗಿನ 19 ಪಾಲು ಸಾರಜನಕದೊಳಗ ಅರ್ಧಕ್ಕಿಂತ ಜಾಸ್ತಿ ಯೂರಿಯಾ ರೂಪದಾಗ ಇರ್ತದ. ಎರಿಮಣ್ಣಿನ್ಯಾಗ ಕೋಟಿಗಟ್ಲೆ ಸೂಕ್ಷ್ಮಜೀವಿ ಅದಾವ, ಅವು ಯೂರಿಯಾನ ಒಡದು ಬೇರು ತಿನ್ನೋ ಹಂಗ ಮಾಡಿ ಕೊಡ್ತಾವ. ನಿಮ್ಮ ಬಕೀಟಿನ್ಯಾಗ ಆ ಕೆಲಸದವ್ರು ಅಷ್ಟು ಇರಂಗಿಲ್ಲ. ಮ್ಯಾಲಿಂದ ಅದರಾಗ ಕ್ಯಾಲ್ಸಿಯಂ ಇಲ್ಲ, ಹೊಲದಾಗ ಅದು ಮಣ್ಣಿನಿಂದನೇ ಸಿಗ್ತಿತ್ತು. ಅದಕ್ಕ ಹೈಡ್ರೋಪೋನಿಕ್ಸಿಗೆ ಅಂತನೇ ಬರೋ ಎ ಮತ್ತು ಬಿ ಎರಡು ಬಾಟ್ಲಿ ಗೊಬ್ಬರ ತಗೋರಿ. ಎರಡು ಯಾಕಂದ್ರ ಒಂದರಾಗ ಕ್ಯಾಲ್ಸಿಯಂ ನೈಟ್ರೇಟ್, ಇನ್ನೊಂದರಾಗ ಫಾಸ್ಫೇಟು ಸಲ್ಫೇಟು, ಇವು ಗಟ್ಟಿ ಇದ್ದಾಗ ಕೂಡಿದ್ರ ಸುಣ್ಣದಂಗ ತಳಕ್ಕ ಕುಂದರ್ತಾವ, ಗಿಡಕ್ಕ ದಕ್ಕಂಗಿಲ್ಲ. ಮೊದಲು ಬಕೀಟು ತುಂಬ ನೀರು, ಅದಕ್ಕ ಎ ಹಾಕಿ ಕಲಕಿ, ಆಮ್ಯಾಲ ಬಿ.

ಇನ್ನ ನಿಮ್ಮ ಹಳದಿ ಎಲಿ. ಹಳೇ ಎಲಿ ಹಳದಿ ಆದ್ರ ಸಾರಜನಕದ ಕೊರತಿ, ಹೊಸ ಎಲಿ ಹಳದಿ ಆಗಿ ನರ ಹಸಿರು ಉಳದ್ರ ಕಬ್ಬಿಣದ್ದು. ಗೊಬ್ಬರದಾಗ ಕಬ್ಬಿಣ ಇದ್ರೂ ಇದು ಬರ್ತದ, ಯಾಕಂದ್ರ ನಮ್ಮ ಗಡಸು ನೀರಿನ್ಯಾಗ ಇರೋ ಬೈಕಾರ್ಬೊನೇಟು ಅನ್ನೋ ಲವಣ ಪಿಎಚ್ಚನ್ನ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನೋ ಅಳತಿ) ಮ್ಯಾಲಕ್ಕ ತಳ್ಳಿಕೊಂತನೇ ಇರ್ತದ, 7 ದಾಟಿದ್ರ ಗೊಬ್ಬರದಾಗ ಬರೋ ಸಾಮಾನ್ಯ ಇಡಿಟಿಎ ರೂಪದ ಕಬ್ಬಿಣ ಬೇರಿಗೆ ಸಿಗದಂಗ ಆಗ್ತದ. ಪಿಎಚ್ 5.5ರಿಂದ 6.5ರೊಳಗ ಇರಬೇಕು. ಲಿಂಬಿಹಣ್ಣು ಹಿಂಡಿದ್ರ ಇಳೀತದ, ಎರಡು ದಿನಕ್ಕ ಮತ್ತ ಏರ್ತದ, ಸಿಟ್ರಿಕ್ ಆಮ್ಲನ ಸೂಕ್ಷ್ಮಜೀವಿ ತಿಂದು ಮುಗಿಸ್ತಾವ. ಫಾಸ್ಫರಿಕ್ ಆಮ್ಲದ ಪಿಎಚ್ ಡೌನ್ ಸಿಗ್ತದ, ಅದು ನಿಲ್ತದ. ಕೈಗೆ ಗ್ಲೌಸ್ ಹಾಕ್ಕೊಂಡು ನೀರಿಗೆ ಆಮ್ಲ ಹನಿ ಹನಿ ಹಾಕ್ರಿ, ಆಮ್ಲದ ಮ್ಯಾಲ ನೀರು ಎಂದೂ ಸುರೀಬ್ಯಾಡ್ರಿ, ಮಕ್ಕಳ ಕೈಗೆ ಸಿಗದಂಗ ಇಡ್ರಿ.

ನೀರಾಗ ಎಷ್ಟು ಲವಣ ಕರಗ್ಯಾವ ಅಂತ ತೋರಿಸೋ ಒಂದು ಟಿಡಿಎಸ್ ಮೀಟರ್ ತಗೋರಿ, ಭಾಳ ಕಾಸ್ಟ್ಲಿ ಅಲ್ಲ. ಸೊಪ್ಪಿನ ಗಿಡಕ್ಕ ಗೊಬ್ಬರ ಹಾಕಿದ ಮ್ಯಾಲ 500ರಿಂದ 700 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಇದ್ರ ಸಾಕು. ನಿಮ್ಮ ಬೋರ್ ನೀರೇ 800 ತೋರಿಸಿದ್ರ ಗೊಬ್ಬರಕ್ಕ ಜಾಗನೇ ಇಲ್ಲಲ್ಲ. ಮಳಿ ನೀರು ಹಿಡಿದಿಟ್ಟುಕೊಂಡ್ರ ಅದಕ್ಕಿಂತ ಚಲೋ ಇಲ್ಲ, ಇಲ್ಲಾ ಆರ್‌ಓ ನೀರಿಗೆ ಮೂರರಾಗ ಒಂದು ಪಾಲು ಬೋರ್ ನೀರು ಕೂಡಿಸ್ರಿ. ಆರ್‌ಓ ಮಷೀನಿನ ವೇಸ್ಟ್ ಪೈಪಿನಿಂದ ಬರೋ ನೀರು ಹಾಕಬ್ಯಾಡ್ರಿ, ಅದರಾಗ ಉಪ್ಪಿನಂಶ ಇನ್ನೂ ಜಾಸ್ತಿ.

ಪ್ರಶ್ನೆ: ಹೊಲದ ಮೆಣಸಿನ ಗಿಡ ಚಲೋ ಕಾಯಿ ಬಿಟ್ಟದ. ಅದರ ಬೀಜ ಇಡ್ಲೋ, ಕಡ್ಡಿ ಇಡ್ಲೋ? – ಯುವಕ, ಮಾನ್ವಿ

ಉತ್ತರ: ಹೈಬ್ರಿಡ್ ಗಿಡ ಆಗಿದ್ರ ಅದರ ಬೀಜದಿಂದ ಬರೋ ಮಕ್ಕಳು ತಾಯಿ ಹಂಗ ಇರಂಗಿಲ್ಲ, ಒಂದೊಂದು ಒಂದೊಂದು ಥರ ಬರ್ತಾವ. ನಾಟಿ ಇದ್ರ ಬೀಜನೇ ಚಲೋ. ಕಡ್ಡಿ ಇಟ್ರ ತಾಯಿ ಗುಣ ಪೂರ್ತಿ ಬರ್ತದ, ಆದ್ರ ತಾಯಿ ರೋಗನೂ ಬರ್ತದ. ಮುಟುರು ರೋಗದ ವೈರಸ್ ಗಿಡದ ಮೈತುಂಬ ಇರ್ತದ, ಎಲಿ ಸ್ವಲ್ಪ ಮುದುಡಿದ್ರೂ ಆ ಗಿಡದ ಕಡ್ಡಿ ಮನಿಯೊಳಗ ತರಬ್ಯಾಡ. ಹಂಗೇ ಅಂಗಡಿಯಿಂದ ತಂದ ಬಣ್ಣ ಹಚ್ಚಿದ ಬಿತ್ತನೆ ಬೀಜಕ್ಕ ಔಷಧಿ ಬಳದಿರ್ತಾರ, ಅದನ್ನ ಮೊಳಕೆ ಸೊಪ್ಪಿಗೆ ಅಂತ ಹಾಕಿ ತಿನ್ನಬ್ಯಾಡ.

ಪ್ರಶ್ನೆ: ಬೇರು ಕಂದು ಆಗಿ ಲೋಳಿ ಲೋಳಿ, ನೀರು ವಾಸನಿ. ಕರೆಂಟ್ ಹೋಗಿ ಪಂಪು ತಾಸುಗಟ್ಲೆ ನಿಲ್ತದ. – ಗಂಗಾವತಿ

ಉತ್ತರ: ನನ್ನ ಮನಿಯಾಗೂ ಒಂದು ಮೇ ತಿಂಗಳದಾಗ 20 ಬೇಸಿಲ್ ಗಿಡ ಹಿಂಗೇ ಮೂರು ದಿನದಾಗ ಹೋದ್ವು, ಹೊಟ್ಟಿ ಉರೀತು. ನೀರು ಬಿಸಿ ಆದಷ್ಟೂ ಅದರಾಗ ಆಮ್ಲಜನಕ ನಿಲ್ಲಂಗಿಲ್ಲ. 20 ಡಿಗ್ರಿ ನೀರಾಗ ಲೀಟರಿಗೆ 9 ಮಿಲಿಗ್ರಾಂ ಹಿಡೀತದ, 35 ಡಿಗ್ರಿಗೆ 7 ಮಾತ್ರ, ಅದೇ ಹೊತ್ತಿಗೆ ಬೇರಿನ ಉಸಿರಾಟ ಜಾಸ್ತಿ ಆಗಿರ್ತದ. ಪಂಪು ನಿಂತ್ರ ನೀರಿಗೆ ಗಾಳಿ ಕೂಡೋದೂ ಕಡಿಮಿ ಆಗ್ತದ. ಉಸಿರುಗಟ್ಟಿದ ಬೇರಿಗೆ ಪಿಥಿಯಂ ಅನ್ನೋ ಕೊಳೆರೋಗ ಹತ್ಕೊಂತದ. ಆ ನೀರು ಚೆಲ್ರಿ, ಡಬ್ಬಿ ಬ್ಲೀಚಿಂಗ್ ಹಾಕಿ ತೊಳದು ಚಂದಂಗ ಜಾಲಾಡಿಸ್ರಿ, ಕೊಳೆತ ಬೇರು ಕತ್ತರಿಸಿ ತಗೀರಿ, ಮ್ಯಾಲಿನ ಟೊಂಗಿ ಹಸಿರು ಇದ್ರ ಅದನ್ನೇ ಕಡ್ಡಿ ಮಾಡಿ ಹೊಸದಾಗಿ ಬೇರು ಬರಿಸ್ರಿ. ಬಕೀಟಿಗೆ ಹಸಿ ಗೋಣಿಚೀಲ ಸುತ್ರಿ, ನಮ್ಮ ಒಣ ಹವಾದಾಗ ಗಡಿಗಿ ಹಂಗ ಅದು ತಂಪು ಹಿಡೀತದ. ಮಧ್ಯಾಹ್ನ ಒಂದು ಬರ್ಫದ ಬಾಟ್ಲಿ ಮುಚ್ಚಳ ಬಿಗಿದು ಒಳಗ ಬಿಡ್ರಿ.

ಕರೆಂಟಿನ ಸಮಸ್ಯಾ ಇದ್ದಲ್ಲಿ ಪಂಪೇ ಇಲ್ಲದ ಕ್ರಾಟ್ಕಿ ಪದ್ಧತಿ ಮಾಡ್ರಿ, ಹವಾಯಿ ವಿಶ್ವವಿದ್ಯಾಲಯದ ವಿಜ್ಞಾನಿ ಕ್ರಾಟ್ಕಿ ಅವರ ಹೆಸರಿಂದು. ಮುಚ್ಚಿದ ಡಬ್ಬಿ ತುಂಬ ಗೊಬ್ಬರದ ನೀರು, ಮುಚ್ಚಳದ ತೂತಿನ್ಯಾಗ ಸಸಿ. ಗಿಡ ಕುಡದಂಗ ನೀರು ಇಳೀತದ, ಮ್ಯಾಲಿನ ಬೇರು ಖಾಲಿ ಜಾಗದಾಗ ಗಾಳಿ ತಗೊಂತಾವ, ಕೆಳಗಿನ ಬೇರು ನೀರು. ಇಳದದ ಅಂತ ಪೂರ್ತಿ ತುಂಬಿಸಬ್ಯಾಡ್ರಿ, ಗಾಳಿ ರೂಢಿ ಆದ ಬೇರು ಮುಳುಗಿ ಸಾಯ್ತಾವ, ಅರ್ಧದಷ್ಟು ತುಂಬ್ರಿ ಸಾಕು.

ಪ್ರಶ್ನೆ: ಮಣ್ಣಿಲ್ಲದ್ದು ಒಂದು ಬೆಳಿ ಏನ್ರಿ? ಅದರಾಗ ಸತ್ವ ಇರ್ತದೇನು? – ಹಿರಿಯರು, ಯಲಬುರ್ಗಾ

ಉತ್ತರ: ಇರ್ತದ್ರಿ ಹಿರಿಯರ. ಜರ್ಮನಿಯ ಸ್ಯಾಕ್ಸ್, ಕ್ನೋಪ್ ಅನ್ನೋ ವಿಜ್ಞಾನಿಗಳು 1860ರ ಸುಮಾರಿಗೇ ಬರೇ ಲವಣದ ನೀರಾಗ ಗಿಡ ಬೆಳಸಿ ತೋರಿಸ್ಯಾರ, ಹೈಡ್ರೋಪೋನಿಕ್ಸ್ ಅನ್ನೋ ಹೆಸರು ಕ್ಯಾಲಿಫೋರ್ನಿಯಾದ ಗೆರಿಕಿ ಅವರು 1937ರಾಗ ಬಳಕಿಗೆ ತಂದ್ರು. ಮಣ್ಣಿನ್ಯಾಗ ಇದ್ರೂ ಬೇರು ಎಳ್ಕೊಳ್ಳೋದು ನೀರಿನ್ಯಾಗ ಕರಗಿದ್ದನ್ನೇ. ಹಂಗಂತ ತುಂಗಭದ್ರಾ ಕಾಲುವಿ ನೀರುಂಡ ಹೊಲದ ಬದಲಿ ಇದು ಅಂತ ನಾನು ಎಂದೂ ಅನ್ನಂಗಿಲ್ಲ. ಅಂಗಳ ಇಲ್ಲದ ಬಾಡಿಗಿ ಮನಿಯವ್ರಿಗೆ ದಿನಾ ಒಂದು ಹಿಡಿ ತಾಜಾ ಸೊಪ್ಪು ಸಿಗ್ಲಿ ಅನ್ನೋದು ನನ್ನ ಆಸೆ.

ಪ್ರಶ್ನೆ: ನೀರು ನಿಂತ್ರ ಸೊಳ್ಳಿ ಆಗಂಗಿಲ್ಲೇನು? – ಬಳ್ಳಾರಿ

ಉತ್ತರ: ಆಗ್ತಾವ, ಡೆಂಗಿ ಸೊಳ್ಳಿನೂ ಇಂಥ ತಿಳಿ ನೀರಾಗೇ ಮೊಟ್ಟಿ ಇಡ್ತದ. ಒಂದು ತೂತೂ ಬಾಯಿ ತಕ್ಕೊಂಡಿರಬಾರದು, ಗಿಡ ಇಲ್ಲದ ತೂತಿಗೆ ಬೂಚು ಹಾಕ್ರಿ. ಕಡ್ಡಿ ಇಟ್ಟ ಗ್ಲಾಸಿನ ಬಾಯಿಗೆ ಹತ್ತಿ ತುರುಕ್ರಿ, ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸದು ಹಾಕ್ರಿ.