ಕಿಂಗ್ ಕ್ರಿಮ್ಸನ್ ಕೇಳೋದಾದ್ರೆ ಡ್ರಮ್ಮರ್ ಹಿಂದೆ ಹೋಗಿ

ಸರ್ ನಿಮ್ ಪ್ರಶ್ನೆ ನಿನ್ನೆ ರಾತ್ರಿನೇ ನೋಡಿದ್ದೆ, ಮೊಬೈಲಲ್ಲಿ ಇಷ್ಟುದ್ದ ಕುಟ್ಟೋಕಾಗಲ್ಲ ಅಂತ ಇವತ್ತು ಕಂಪ್ಯೂಟರ್ ಮುಂದೆ ಕೂತಿದೀನಿ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಕಿಂಗ್ ಕ್ರಿಮ್ಸನ್‌ದು ಆ ಬಾಯಿ ಬಿಟ್ಕೊಂಡಿರೋ ಕೆಂಪು ಮುಖದ ಆಲ್ಬಮ್, ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್, ಹಾಕಿದ್ರಿ, ಮೊದಲ್ನೇ ಹಾಡು ಸ್ಕಿಜಾಯ್ಡ್ ಮ್ಯಾನ್ ತಲೆ ಕೆಡಿಸ್ತು, ಮೂನ್‌ಚೈಲ್ಡ್ ಹತ್ರ ಬರೋಷ್ಟರಲ್ಲಿ ನಿದ್ದೆ ಬಂತು, ಆಮೇಲೆ ಇನ್ನೊಂದೆರಡು ಆಲ್ಬಮ್ ತೆಗೆದ್ರೆ ಪ್ರತಿ ಸಲ ಬೇರೆ ಯಾರೋ ಹಾಡ್ತಿದಾರೆ, ಇದೇನು ಒಂದೇ ಬ್ಯಾಂಡಾ ಅಂತ ಕೇಳಿದೀರ. ಅದಕ್ಕೆ ಮೇಲಿನ ಕಾಮೆಂಟಲ್ಲಿ ಒಬ್ರು "ಅದು ರಾಬರ್ಟ್ ಫ್ರಿಪ್ ಬ್ಯಾಂಡು, ಮಿಕ್ಕಿದೋರೆಲ್ಲ ಬಾಡಿಗೆಗೆ ಬಂದೋರು" ಅಂದಿದಾರೆ. ಅರ್ಧ ಒಪ್ತೀನಿ. 1969ರಿಂದ 2003ರವರೆಗಿನ 13 ಸ್ಟುಡಿಯೋ ಆಲ್ಬಮ್‌ಗಳಲ್ಲೂ ಇರೋನು ಫ್ರಿಪ್ ಒಬ್ನೇ, ನಿಜ. ಆದ್ರೆ ಆ ಮನುಷ್ಯ ತನ್ನ ಗಿಟಾರ್ ನುಡಿಸೋ ರೀತಿನ ಬದಲಾಯಿಸಿರೋದು ಹಿಂದೆ ಕೂತಿರೋ ಡ್ರಮ್ಮರ್ ಬದಲಾದಾಗಲೇ. ಅದಕ್ಕೇ ಹೇಳೋದು, ಹಾಡೋರ ಹಿಂದೆ ಹೋದ್ರೆ ದಾರಿ ತಪ್ಪುತ್ತೆ, ಡ್ರಮ್ಮರ್ ಹಿಂದೆ ಹೋಗಿ.

ನಂಗೂ ಶುರುವಲ್ಲಿ ಎಡವಟ್ಟೇ ಆಗಿದ್ದು. ಹಾಸ್ಟೆಲಲ್ಲಿ ಸೀನಿಯರ್ ಒಬ್ರು ಸೀಡಿ ಬರ್ನ್ ಮಾಡಿ ಕೊಟ್ಟಿದ್ರು, ಮೇಲೆ ಮಾರ್ಕರಲ್ಲಿ ಕ್ರಿಮ್ಸನ್ ಅಂತ ಅಷ್ಟೇ. ಅದು ಲಿಜರ್ಡ್ ಆಲ್ಬಮ್ಮು. ಎರಡನೇ ಸೈಡ್ ಪೂರ್ತಿ 23 ನಿಮಿಷದ ಒಂದೇ ಹಾಡು, ಅದರ ಮೊದಲ ಭಾಗ ಹಾಡಿರೋದು ಯೆಸ್ ಬ್ಯಾಂಡಿನ ಜಾನ್ ಆಂಡರ್ಸನ್, ನಾನು ಇವನೇ ಇವರ ಸಿಂಗರ್ ಅಂದ್ಕೊಂಡು, ಸಂತೆಯಲ್ಲಿ ನಾಲ್ಕು ಬ್ಯಾಂಡ್ ಒಟ್ಟಿಗೆ ಬಾರಿಸ್ದಂಗಿದೆ ಅಂತ ಬೈಕೊಂಡು ಮೂರು ವರ್ಷ ಕಡೆಗಿಟ್ಟಿದ್ದೆ. ಈಗ ಇಷ್ಟ ಆಗುತ್ತೆ, ಆದ್ರೆ ಹೊಸಬ್ರಿಗೆ ಯಾರಿಗೂ ಕೊಡಲ್ಲ.

ಸರಿ, ವಿಷಯಕ್ಕೆ ಬರ್ತೀನಿ. ನೀವು ಕೇಳಿರೋ ಮೊದಲ್ನೇದು 1969 ಅಕ್ಟೋಬರ್‌ದು, ಡ್ರಮ್ಸ್ ಮೈಕಲ್ ಜೈಲ್ಸ್. ಹಾಡಿರೋದು, ಬೇಸ್ ನುಡಿಸಿರೋದು ಗ್ರೆಗ್ ಲೇಕ್, ಸ್ಯಾಕ್ಸು ಕೊಳಲು ಮೆಲೊಟ್ರಾನ್ ಎಲ್ಲ ಇಯನ್ ಮೆಕ್‌ಡೊನಾಲ್ಡ್, ಸಾಹಿತ್ಯ ಪೀಟ್ ಸಿನ್‌ಫೀಲ್ಡ್. ಮೆಲೊಟ್ರಾನ್ ಅಂದ್ರೆ ಒಂದೊಂದು ಕೀ ಕೆಳಗೂ ಒಂದೊಂದು ಟೇಪ್ ತುಂಡು ಇರುತ್ತೆ, ಒತ್ತಿದ್ರೆ ಸುಮಾರು 8 ಸೆಕೆಂಡ್ ಓಡಿ ನಿಂತ್ಹೋಗುತ್ತೆ, ಆ ಆಲ್ಬಮ್ಮಲ್ಲಿ ದೊಡ್ಡ ವಯಲಿನ್ ಮೇಳದ ಥರ ಕೇಳೋದು ಅದೇ. ಈಗ ಇನ್ನೊಂದ್ಸಲ ಹಾಕಿ ಜೈಲ್ಸ್‌ನ ಮಾತ್ರ ಕೇಳಿ, ಅದರಲ್ಲಿರೋ ಎಪಿಟಾಫ್ ಹಾಡಲ್ಲಿ ಆತ ಹೊಡೆಯೋದಕ್ಕಿಂತ ಬಿಡೋದೇ ಜಾಸ್ತಿ. ಮೂನ್‌ಚೈಲ್ಡಲ್ಲಿ ಹಾಡು ಮುಗಿದ್ಮೇಲೆ ಉಳಿದಿರೋದೆಲ್ಲ ಕೂತಲ್ಲೇ ಕಟ್ಟಿದ ಇಂಪ್ರೊವ್, ನಿದ್ದೆ ಬಂದ್ರೆ ತಪ್ಪೇನಿಲ್ಲ. ಆ ವರ್ಷದ ಡಿಸೆಂಬರಲ್ಲೇ ಅಮೆರಿಕ ಟೂರ್ ಮುಗಿಯೋ ಹೊತ್ತಿಗೆ ಜೈಲ್ಸೂ ಮೆಕ್‌ಡೊನಾಲ್ಡೂ ಬಿಟ್ರು. ಲೇಕ್ ಎರಡನೇ ಆಲ್ಬಮ್ ಅರ್ಧದಲ್ಲೇ ಕೀಬೋರ್ಡ್ ನುಡಿಸೋ ಕೀತ್ ಎಮರ್ಸನ್ ಜೊತೆ ಬ್ಯಾಂಡ್ ಕಟ್ಟೋಕೆ ಹೋದ. ಎರಡನೇ ಆಲ್ಬಮ್ಮಿಗೆ ಬಿಟ್ಟುಹೋದ ಜೈಲ್ಸೇ ಬಂದು ಬಾರಿಸಿಕೊಟ್ಟ, ಅದಕ್ಕೇ ಅದು ಮೊದಲ್ನೇದರ ಜೆರಾಕ್ಸ್ ಥರ ಕೇಳುತ್ತೆ.

ಲಿಜರ್ಡ್‌ಗೆ ಆಂಡಿ ಮೆಕಲಕ್, ಐಲ್ಯಾಂಡ್ಸ್‌ಗೆ ಇಯನ್ ವಾಲೆಸ್. ಈ ಎರಡನ್ನ ಸದ್ಯಕ್ಕೆ ಬಿಡಿ. ಒಂದು ವಿಷಯ ಮಾತ್ರ: ಐಲ್ಯಾಂಡ್ಸಲ್ಲಿ ಹಾಡಿರೋ ಬಾಜ್ ಬರೆಲ್‌ಗೆ ಬೇಸ್ ನುಡಿಸೋಕೇ ಬರ್ತಿರ್ಲಿಲ್ಲ, ಬೇಸಿಸ್ಟ್ ಸಿಗ್ಲಿಲ್ಲ ಅಂತ ಫ್ರಿಪ್ ಕೂರಿಸಿ ಕಲಿಸಿದ. ಅದೇ ಬಾಜ್ ಆಮೇಲೆ ಬ್ಯಾಡ್ ಕಂಪನಿ ಅನ್ನೋ ರಾಕ್ ಬ್ಯಾಂಡಿಗೆ ಬೇಸಿಸ್ಟ್ ಆಗಿ ಹೋದ ನೋಡಿ!

ನಿಮ್ಮ ನಿಜವಾದ ಜಾಗ 1972ರಿಂದ 74. ಡ್ರಮ್ಮರ್ ಬಿಲ್ ಬ್ರೂಫರ್ಡ್ ಯೆಸ್‌ನ ಅದು ಏರುಕಾಲದಲ್ಲಿದ್ದಾಗ ಬಿಟ್ಟು ಇಲ್ಲಿಗೆ ಬಂದ, ಬೇಸು ಹಾಡು ಜಾನ್ ವೆಟ್ಟನ್, ವಯಲಿನ್ ಡೇವಿಡ್ ಕ್ರಾಸ್, ಜೊತೆಗೆ ಸರಪಳಿ ತಗಡು ಕೈಗೆ ಸಿಕ್ಕಿದ್ದೆಲ್ಲ ಬಡಿಯೋ ಜೇಮಿ ಮ್ಯೂರ್. ಮ್ಯೂರ್ ಒಂದೇ ಆಲ್ಬಮ್, 1973ರ ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್, ಅದಾದ್ಮೇಲೆ ಸ್ಕಾಟ್ಲೆಂಡಿನ ಬೌದ್ಧ ಮಠ ಸೇರ್ಕೊಂಡ. ಬ್ರೂಫರ್ಡ್ ಮಾತ್ರ ಆತನ ಆ ಹುಚ್ಚನ್ನ ತನ್ನ ಕಿಟ್‌ಗೆ ಸೇರಿಸ್ಕೊಂಡ. ರೆಡ್ ಆಲ್ಬಮ್ಮಲ್ಲಿ ಒನ್ ಮೋರ್ ರೆಡ್ ನೈಟ್‌ಮೇರ್ ಹಾಕಿ, ಒಂದು ಸಿಂಬಲ್ಲು, ಅಂದ್ರೆ ಡ್ರಮ್ಸ್ ಜೊತೆಗಿರೋ ಲೋಹದ ತಟ್ಟೆ, ಹಳೇ ತಗಡಿನ ತಟ್ಟೆ ಬಿದ್ದಂಗೆ ಚರ್ರ್ ಅಂತಿರುತ್ತೆ, ಅದು ರಿಹರ್ಸಲ್ ಜಾಗದ ಕಸದ ಡಬ್ಬೀಲಿ ಸಿಕ್ಕಿದ ಅಂಚು ಮಡಚ್ಕೊಂಡಿದ್ದ ಸಿಂಬಲ್ಲು. ನಾನಂತೂ ಆ ಸದ್ದಿಗೋಸ್ಕರಾನೇ ಆ ಹಾಡು ಹಾಕ್ತೀನಿ.

ಇಲ್ಲಿ ಎಲ್ರೂ ಬೀಳೋ ಒಂದು ಗುಂಡಿ ಇದೆ. ಸ್ಟಾರ್‌ಲೆಸ್ ಹಾಡು ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್ ಆಲ್ಬಮ್ಮಲ್ಲಿ ಇಲ್ಲ! ಅದರಲ್ಲಿ ಆ ಪೂರ್ತಿ ಹೆಸರಲ್ಲಿ ಇರೋದು ಹಾಡಿಲ್ಲದ ಇಂಪ್ರೊವ್. ಹಾಡಿನ ಮೊದಲ ರೂಪ ಆಗ ಬೇರೆಯೋರಿಗೆ ಹಿಡಿಸ್ಲಿಲ್ಲ, ತಿದ್ದಿ ತೀಡಿ 12 ನಿಮಿಷ ಆಗಿ ರೆಡ್‌ನ ಕೊನೇಲಿ ಬಂತು. ಬೈಬಲ್ ಬ್ಲ್ಯಾಕ್ ಬಹುಪಾಲು ಲೈವ್ ರೆಕಾರ್ಡಿಂಗೇ, ಚಪ್ಪಾಳೆ ಕತ್ತರಿಸಿ ಹಾಕಿದಾರೆ ಅಷ್ಟೇ. ಸ್ಟಾರ್‌ಲೆಸ್ ನಡುಭಾಗದಲ್ಲಿ ವೆಟ್ಟನ್ 13 ಎಣಿಕೆಗೆ ಒಂದು ಸುತ್ತು ಮುಗಿಯೋ ಬೇಸ್ ಹಿಡ್ಕೊಂಡು ಬಿಡದೆ ಸುತ್ತುತಾನೆ, ಫ್ರಿಪ್ ಒಂದೇ ಸ್ವರನ ಕುಟ್ಟಿ ಕುಟ್ಟಿ ನಿಧಾನಕ್ಕೆ ಮೇಲೇರಿಸ್ತಾನೆ, ಬ್ರೂಫರ್ಡ್ ಮೊದಲು ಅಲ್ಲೊಂದು ಇಲ್ಲೊಂದು ಟಕ್ ಅಂತ ಮರದ ಸದ್ದು ಮಾತ್ರ ಹಾಕಿ ಕಾಯಿಸ್ತಾನೆ, ಆಮೇಲೆ ಒಡೆಯುತ್ತೆ ನೋಡಿ, ಸ್ಯಾಕ್ಸಲ್ಲಿ ಹಳೇ ಮೆಕ್‌ಡೊನಾಲ್ಡ್ ವಾಪಸ್ ಬಂದಿರ್ತಾನೆ. ದಯವಿಟ್ಟು ಟ್ರಾಫಿಕಲ್ಲಿ ಕೇಳ್ಬೇಡಿ, ಕಾಯಿಸೋ ಭಾಗ ಹಾರ್ನಲ್ಲಿ ಮುಳುಗಿಹೋಗುತ್ತೆ, ರಾತ್ರಿ ಹೆಡ್‌ಫೋನ್ ಹಾಕ್ಕೊಳ್ಳಿ. ರೆಡ್ ಆಲ್ಬಮ್ ಅಂಗಡಿಗೆ ಬರೋ ಮುಂಚೆನೇ, 1974 ಸೆಪ್ಟೆಂಬರಲ್ಲಿ, ಫ್ರಿಪ್ ಬ್ಯಾಂಡ್ ಮುಗೀತು ಅಂದ್ಬಿಟ್ಟಿದ್ದ.

1981ರಲ್ಲಿ ಮತ್ತೆ ಬಂದಾಗ ಫ್ರಿಪ್ ಬಿಟ್ರೆ ಹಳಬ ಬ್ರೂಫರ್ಡ್ ಒಬ್ನೇ, ಅವನಿಗೂ ಹೈ-ಹ್ಯಾಟು (ಕಾಲಲ್ಲಿ ಒತ್ತೋ ಜೋಡಿ ಸಿಂಬಲ್ಲು), ಸಿಂಬಲ್ಲು ಆದಷ್ಟು ಮುಟ್ಬೇಡ ಅಂತ ಫ್ರಿಪ್ ಕಟ್ಟುನಿಟ್ಟು. ಅಂದ್ರೆ ಅದೇ ಮನುಷ್ಯ, ಬೇರೆ ಡ್ರಮ್ಮರ್. ಹಾಡೋಕೆ ಮತ್ತು ಎರಡನೇ ಗಿಟಾರಿಗೆ ಏಡ್ರಿಯನ್ ಬಿಲೂ, ಸ್ಟಿಕ್ ಅನ್ನೋ ಬೆರಳಲ್ಲಿ ತಟ್ಟಿ ನುಡಿಸೋ ವಾದ್ಯ ಹಿಡಿದು ಟೋನಿ ಲೆವಿನ್. ಡಿಸಿಪ್ಲಿನ್ ಆಲ್ಬಮ್ಮಲ್ಲಿ ಫ್ರೇಮ್ ಬೈ ಫ್ರೇಮ್ ಅಂತ ಇದೆ, 7ರ ಲೆಕ್ಕ, ಮಿಶ್ರ ಛಾಪು ಹಾಕಿ ಅಭ್ಯಾಸ ಇರೋರಿಗೆ ಅಲ್ಲೀವರೆಗೆ ಹೆದರಿಕೆ ಇಲ್ಲ. ಆದ್ರೆ ಒಂದು ಕಡೆ ಇಬ್ರು ಗಿಟಾರಿನವ್ರೂ ಅದೇ ಪಾಠ ನುಡಿಸ್ತಾ ಒಬ್ಬ 14ಕ್ಕೆ ಸುತ್ತು ಮುಗಿಸ್ತಾನೆ, ಇನ್ನೊಬ್ಬ ಒಂದು ಸ್ವರ ನುಂಗಿ 13ಕ್ಕೇ ಮುಗಿಸ್ತಾನೆ, ಸುತ್ತು ಸುತ್ತಿಗೂ ಒಂದೊಂದು ಹೆಜ್ಜೆ ಜಾರಿ ಜಾರಿ ಕೊನೆಗೆ ಮತ್ತೆ ಒಟ್ಟಿಗೆ ಬಂದು ನಿಲ್ತಾರೆ. ಎಡಗಿವಿ ಬಲಗಿವಿ ಬೇರೆ ಬೇರೆ ಮಾಡಿ ಬೆರಳೆಣಿಸಿ ನೋಡಿ, ನಂಗೆ ನಾಲ್ಕೈದು ಸಲ ತಪ್ತು. ಬೀಟ್ ಮತ್ತು ತ್ರೀ ಆಫ್ ಎ ಪರ್ಫೆಕ್ಟ್ ಪೇರ್ ಇದೇ ನಾಲ್ಕು ಜನ, ಅರ್ಧರ್ಧ ಚೆನ್ನಾಗಿವೆ.

1995ರ ಥ್ರ್ಯಾಕ್‌ಗೆ ಆರು ಜನ, ಇಬ್ರು ಡ್ರಮ್ಮರು, ಎರಡನೆಯವ ಪ್ಯಾಟ್ ಮಾಸ್ಟೆಲೊಟ್ಟೊ, ಅದಕ್ಕೂ ಮುಂಚೆ ಮಿಸ್ಟರ್ ಮಿಸ್ಟರ್ ಅನ್ನೋ ಪಾಪ್ ಬ್ಯಾಂಡಲ್ಲಿದ್ದೋನು. ಬ್ರೂಫರ್ಡ್ ಹೋದ್ಮೇಲೆ 2000 ಮತ್ತು 2003ರ ಆಲ್ಬಮ್‌ಗಳಲ್ಲಿ ಆತನೊಬ್ನೇ. 2000ದ್ದನ್ನ ಹೊಸದಾಗಿ ಮಿಕ್ಸ್ ಮಾಡೋಣ ಅಂತ ಹೋದಾಗ ಡ್ರಮ್ಸ್‌ನ ಮೂಲ ರೆಕಾರ್ಡಿಂಗ್ ಸಿಗದೆ, ಪಾಪ, ಇಷ್ಟು ವರ್ಷ ಆದ್ಮೇಲೆ ಮತ್ತೆ ಕೂತು ಬಾರಿಸಿದಾನೆ, 2019ರಲ್ಲಿ ಬಂತು. ನಂಗೆ ಹೊಸದೇ ಇಷ್ಟ. ಕೊನೇ ಅವತಾರ 2014ರಿಂದ 21, ಮೂರು ಡ್ರಮ್ ಕಿಟ್ ಸ್ಟೇಜಿನ ಮುಂದೆ, ಗಿಟಾರು ಹಾಡೋರು ಎಲ್ಲ ಹಿಂದೆ! ಇವ್ರು ಹೊಸ ಸ್ಟುಡಿಯೋ ಆಲ್ಬಮ್ ಮಾಡ್ಲೇ ಇಲ್ಲ, ಲೈವ್ ಮಾತ್ರ, ಆದ್ರೂ ಬಿಡ್ಬೇಡಿ, ಮುಟ್ಟದೇ ಇಟ್ಟಿದ್ದ ಹಳೇ ಹಾಡುಗಳನ್ನೆಲ್ಲ ಹೊರಗೆ ತೆಗೆದಿದಾರೆ, ಐಲ್ಯಾಂಡ್ಸಲ್ಲಿ ಸ್ಯಾಕ್ಸ್ ಊದಿದ್ದ ಮೆಲ್ ಕಾಲಿನ್ಸೂ ವಾಪಸ್ ಬಂದಿದ್ದ.

ಹಾಗಾಗಿ ಮೊದಲು ರೆಡ್, ಆಮೇಲೆ ಲಾರ್ಕ್ಸ್ ಟಂಗ್ಸ್, ಆಮೇಲೆ ಡಿಸಿಪ್ಲಿನ್, ಅಲ್ಲಿಗೆ ಬ್ರೂಫರ್ಡ್ ಒಬ್ಬನನ್ನೇ ಹಿಡಿದು ಎರಡು ಬೇರೆ ಬ್ಯಾಂಡ್ ಕೇಳಿದಂಗಾಯ್ತು, ಅದಾದ್ಮೇಲೆ ಜೈಲ್ಸ್ ಹತ್ರ ವಾಪಸ್ ಬನ್ನಿ. ಲಿಜರ್ಡ್ ಕೇಳೋ ದಿನ ಬಂದ್ರೆ ಸ್ಟೀವನ್ ವಿಲ್ಸನ್ ಮಿಕ್ಸ್ ಮಾಡಿರೋದನ್ನೇ ಹುಡುಕಿ, ಆ ಗದ್ದಲದಲ್ಲಿ ಯಾರ್ಯಾರು ಏನೇನು ನುಡಿಸ್ತಿದಾರೆ ಅಂತ ಬಿಡಿಬಿಡಿಯಾಗಿ ಕೇಳುತ್ತೆ.

ಮತ್ತೆ ಯಾರೋ ಅರ್ತ್‌ಬೌಂಡ್ ಎಲ್‌ಪಿ ಕೊಡ್ತೀನಿ ಅಂದಿದಾರೆ ತಗೊಳ್ಳಾ ಅಂತಾನೂ ಕೇಳಿದ್ರಲ್ಲ. ಅದು 1972ರ ಟೂರನ್ನ ಕ್ಯಾಸೆಟ್ಟಲ್ಲಿ ಹಿಡಿದಿರೋದು, ಆಗ ಅಮೆರಿಕದಲ್ಲಿ ಅವರ ಕಂಪನಿನೇ ಸೌಂಡ್ ಸರಿ ಇಲ್ಲ ಅಂತ ಬಿಡುಗಡೆ ಮಾಡ್ಲಿಲ್ಲ. ಸ್ಕಿಜಾಯ್ಡ್ ಮ್ಯಾನ್ ಏನೋ ಬೆಂಕಿ, ಆದ್ರೆ ಪಕ್ಕದ ಮನೇಲಿ ಬೆಂಕಿ ಬಿದ್ದಂಗೆ ಕೇಳುತ್ತೆ. ಆ ದುಡ್ಡಿಗೆ ರೆಡ್ ತಗೊಳ್ಳಿ.